ಎರಡನೆಯ ಗಂಟೆ

ನಾನು ಹುಟ್ಟಿದ್ದು ಒಂದು ಏಟಿನಿಂದ. ಉತ್ತರದ ಕಡೆಯ ಯಾವುದೋ ಊರಿನ ಕಾರ್ಖಾನೆಯಲ್ಲಿ ಹಿತ್ತಾಳೆಯ ತಗಡಿನ ಮೇಲೆ ಅಚ್ಚು ಬಿತ್ತು, ತಗಡು ಬಟ್ಟಲಾಯಿತು. ಬಟ್ಟಲನ್ನು ಬೋರಲು ಹಾಕಿ ಒಳಗೆ ಒಂದು ಸ್ಪ್ರಿಂಗು, ಒಂದು ಪುಟ್ಟ ಸುತ್ತಿಗೆ, ನೆತ್ತಿಯ ಮೇಲೊಂದು ಗುಂಡಿ ಕೂರಿಸಿದರು. ಪೆಟ್ಟಿಗೆಗೆ ಹಾಕುವ ಮುಂಚೆ ಒಬ್ಬ ಮನುಷ್ಯ ನೆತ್ತಿಯನ್ನು ಒಮ್ಮೆ ಒತ್ತಿದ. ನಾನು ಕೂಗಿದೆ. ಅವನು ನನ್ನ ಮುಖವನ್ನೂ ನೋಡದೆ ಪಕ್ಕದ ಗಂಟೆಗೆ ಹೋದ.

ನಾನು ಮೇಜಿನ ಮೇಲಿಡುವ ಗಂಟೆ. ಜನ ಟೇಬಲ್ ಬೆಲ್ ಎನ್ನುತ್ತಾರೆ. ಒತ್ತಿದರೆ ಕೂಗುತ್ತೇನೆ. ಈಗ ಕೂಗಬೇಕೋ ಬೇಡವೋ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಆಮೇಲೆ ನೆಪ ಹೇಳಿದಂತೆ ಆಗಬಾರದು.

ಮುದೇನಕೊಪ್ಪದ ಡಾಕ್ಟರ್ ಮಿರಜಕರರ ದವಾಖಾನೆಯಲ್ಲಿ ನನ್ನ ಮೊದಲ ಹನ್ನೊಂದು ವರ್ಷ ಕಳೆದವು. ಅವರು ಒತ್ತುತ್ತಿದ್ದರು, ನಾನು ಕೂಗುತ್ತಿದ್ದೆ, ಹೊರಗೆ ಬೆಂಚಿನ ಮೇಲೆ ಕುಳಿತ ಯಾರೋ ಒಬ್ಬರು ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಒಳಗೆ ಬಂದವರು ಮೇಜಿಗೆ ಎದೆ ತಾಗಿಸಿ ತಮ್ಮ ನೋವನ್ನು ಹೇಳುತ್ತಿದ್ದರು. ನಾನು ಕೆಳಗಿನಿಂದ ನೋಡುತ್ತಿದ್ದದ್ದು ಗದ್ದಗಳನ್ನು, ಗಂಟಲುಗಳನ್ನು. ನೋವು ಹೇಳುವಾಗ ಗಂಟಲಿನ ಗಂಟು ಹೇಗೆ ಮೇಲೆ ಕೆಳಗೆ ಆಡುತ್ತದೆಂದು ನನಗೆ ಗೊತ್ತು. ಹೇಳಿ ಮುಗಿಯುವವರೆಗೆ ಡಾಕ್ಟರು ನನ್ನನ್ನು ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತಂತೆಯೇ ಅವರು ತೀರಿಕೊಂಡರು. ಅವರ ಮಗ ದವಾಖಾನೆಗೆ ಬೀಗ ಹಾಕಿ, ಮೇಜು, ಬೆಂಚು, ನನ್ನನ್ನು ಸೇರಿಸಿ ಎದುರಿನ ಸರ್ಕಾರಿ ಪದವಿ ಕಾಲೇಜಿಗೆ ದಾನ ಮಾಡಿದ.

ಕಾಲೇಜಿನ ಸಾಮಾನುಗಳ ರಾಶಿಯಿಂದ ನನ್ನನ್ನು ಎತ್ತಿಕೊಂಡವರು ಬಸರಕೋಡ ಸರ್. ಕನ್ನಡ ಪಾಠ ಮಾಡುತ್ತಿದ್ದ ಅವರಿಗೆ ಆ ವರ್ಷ ಹೊಸದೊಂದು ಕೋರ್ಸು ಗಂಟು ಬಿದ್ದಿತ್ತು. ಭಾಷಣ ಕಲೆ. ವಾರಕ್ಕೆ ಎರಡು ತರಗತಿ, ಕೊನೆಯಲ್ಲಿ ಎಲ್ಲರೆದುರು ಐದು ನಿಮಿಷ ಮಾತಾಡಿದರೆ ಅಂಕ. ಅವರು ನನ್ನನ್ನು ಪಂಚೆಯ ಚುಂಗಿನಿಂದ ಒರೆಸಿ, ಒಮ್ಮೆ ಒತ್ತಿ, ತಲೆದೂಗಿದರು.

"ಇದ ಬೇಕಾಗಿತ್ತು ನನಗ," ಎಂದರು.

ಅವರ ತರಗತಿ ನಡೆಯುತ್ತಿದ್ದದ್ದು ಹೀಗೆ. ಕಟ್ಟೆಯ ಮೇಲೆ ಮೂರು ಖಾಲಿ ಕುರ್ಚಿ ಹಾಕಿಸುತ್ತಿದ್ದರು. ಒಂದು ಅಧ್ಯಕ್ಷರದು, ಒಂದು ಉದ್ಘಾಟಕರದು, ಒಂದು ಮುಖ್ಯ ಅತಿಥಿಗಳದು. ಮಾತಾಡುವವರು ಮೊದಲು ಆ ಖಾಲಿ ಕುರ್ಚಿಗಳಿಗೆ ಒಂದೊಂದಾಗಿ ವಂದಿಸಬೇಕು. ಬಳಿಕ ಪೀಠಿಕೆ. ಪೀಠಿಕೆಯಲ್ಲಿ ಎದುರಿನವರನ್ನು ಹೊಗಳಬೇಕು. ಆಮೇಲೆ ವಿಷಯ. ಮುಖ್ಯವಾದ ಮಾತನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕಣ್ಣು ಯಾರ ಕಣ್ಣಿಗೂ ಸೇರದಂತೆ ಕೊನೆಯ ಬೆಂಚಿನ ಒಂದು ಗೇಣು ಮೇಲೆ ನಿಲ್ಲಬೇಕು. ನಾಲ್ಕು ನಿಮಿಷಕ್ಕೆ ಮೊದಲ ಗಂಟೆ, ಅದು ಎಚ್ಚರಿಕೆ. ಐದಕ್ಕೆ ಎರಡನೆಯ ಗಂಟೆ. ಅದಾದ ಮೇಲೆ ಒಂದೇ ವಾಕ್ಯ: "ಅವಕಾಶ ಕೊಟ್ಟ ತಮ್ಮೆಲ್ಲರಿಗೂ ವಂದಿಸಿ ನನ್ನ ಮಾತಿಗೆ ವಿರಾಮ ಹೇಳುತ್ತೇನೆ." ಕೂತ ಮೇಲೆ ಮತ್ತೆ ಏಳುವಂತಿಲ್ಲ.

"ಮಾತಾಡೋದು ಎಲ್ಲಾರಿಗೂ ಬರತೈತಿ," ಎಂದು ಬಸರಕೋಡ ಸರ್ ಹೇಳುತ್ತಿದ್ದರು. "ಸಂತ್ಯಾಗ ನೋಡ್ರಿ, ಎಷ್ಟ ಮಾತು. ನಿಂದ್ರಸೋದು ಬರಬೇಕು. ನಿಂದ್ರಸಾಕ ಬಂದಾವಗ ಭಾಷಣಕಾರ ಅಂತಾರ."

ನನ್ನನ್ನು ಒತ್ತುವ ಕೆಲಸ ಹಸೀನಾ ನದಾಫಳಿಗೆ ಬಿತ್ತು. ಅವಳ ಬಳಿ ಕೈಗಡಿಯಾರ ಇತ್ತು ಎಂಬುದೇ ಕಾರಣ. ಮಾತಾಡುವ ಸರದಿ ಬಂದಾಗಲೆಲ್ಲ ಮೊದಲ ಬೆಂಚಿನಿಂದ ಏಳುತ್ತಿದ್ದವಳು ಅವಳ ಗೆಳತಿ ನೀಲವ್ವ ತಳವಾರ. ಇಬ್ಬರೂ ಯರೇಹಾಳದವರು. ಹತ್ತೊಂಬತ್ತು ಕಿಲೋಮೀಟರು ದೂರದಿಂದ ಬೆಳಗಿನ ಎಂಟರ ಬಸ್ಸಿಗೆ ಬರುತ್ತಿದ್ದರು.

ಮೊದಲ ತಿಂಗಳು ನೀಲವ್ವಳ ಮಾತು ಖಾಲಿ ಕುರ್ಚಿಗಳನ್ನು ದಾಟಲೇ ಇಲ್ಲ. ಅಧ್ಯಕ್ಷರಾದ ಮೇಲೆ ಉದ್ಘಾಟಕರು ಬರಬೇಕಿದ್ದಲ್ಲಿ ಅತಿಥಿಗಳು ಬರುತ್ತಿದ್ದರು, ಅವಳು ತಬ್ಬಿಬ್ಬಾಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕೆಳಗೆ ಕುಳಿತ ನನಗೆ ಅವಳ ಅಂಗೈ ಬೆವರು ಮೇಜಿನ ಅಂಚಿಗೆ ಹತ್ತುವುದು ಕಾಣುತ್ತಿತ್ತು. ನಾಲ್ಕು ನಿಮಿಷವಾದರೆ ಹಸೀನಾ ನನ್ನನ್ನು ಒತ್ತುತ್ತಿದ್ದಳು, ಮೆಲ್ಲಗೆ, ಹಣ್ಣು ಮಾಗಿದೆಯೇ ಎಂದು ನೋಡುವವರಂತೆ. ಆದರೂ ನಾನು ಕೂಗುತ್ತಿದ್ದದ್ದು ಅಷ್ಟೇ ಜೋರಾಗಿ.

"ಏ ನೀಲಿ, ಆ ಕುರ್ಚಿಗೆ ಮಾಡಿದ ನಮಸ್ಕಾರ ಮುಂದ ಬರೋ ಅತ್ತೀಗೆ ಮಾಡಿದ್ರ ಇಷ್ಟೊತ್ತಿಗೆ ಬಂಗಾರದ ಬಳಿ ಹಾಕಿರ್ತಿದ್ಳು," ಎಂದು ಹಸೀನಾ ನಗಿಸುತ್ತಿದ್ದಳು.

"ಸುಮ್ನಿರ. ನಿನ್ನ ಗಂಟಿ ಕೇಳಿದ್ರ ಎಲ್ಲಾ ಮರತ ಹೋಗತೈತಿ."

ಆದರೆ ಕಲಿತಳು. ಯರೇಹಾಳದ ಬಸ್ಸಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡುತ್ತಿದ್ದಳಂತೆ. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಅವಳು ಕಟ್ಟೆ ಹತ್ತಿದರೆ ಹುಡುಗರೂ ಹರಟೆ ನಿಲ್ಲಿಸುತ್ತಿದ್ದರು. ಮರುವರ್ಷ ಕಾಲೇಜಿನಲ್ಲೇ ಜಿಲ್ಲಾ ಮಟ್ಟದ ಭಾಷಣ ಸ್ಪರ್ಧೆ ನಡೆದಾಗ ಅವಳ ಹೆಸರು ಕೊಟ್ಟರು. ಆ ದಿನ ನನ್ನನ್ನು ಒತ್ತಿದವರು ಸ್ವತಃ ಬಸರಕೋಡ ಸರ್. ನೀರಿನ ಮೇಲೆ ಮಾತಾಡಿದಳು. ಎರಡನೆಯ ಗಂಟೆ ಆಯಿತು. ಆದರೆ ಮಾತು ಹರಿಯುತ್ತಿತ್ತು, ಅವಳಿಗೆ ಕೇಳಿಸಿತೋ ಇಲ್ಲವೋ, ಇನ್ನೂ ಒಂದು ವಾಕ್ಯ ಹೇಳಿದಳು. ತಾಯಿ ಬಾವಿಗೆ ಹೋದಾಗ ಮನೆಯಲ್ಲಿ ಕೂಸಿಗೆ ತಾನು ಹಾಡಿದ ಬಗ್ಗೆ ಒಂದು ವಾಕ್ಯ. ಇಡೀ ಭಾಷಣದಲ್ಲಿ ಯಾರೂ ಬರೆದುಕೊಡದೆ ಬಂದ ವಾಕ್ಯ ಅದೊಂದೇ. ಅದಕ್ಕಾಗಿ ಎರಡು ಅಂಕ ಕಡಿತವಾಗಿ ಮೊದಲ ಬಹುಮಾನ ಹೋಯಿತು.

ಎಲ್ಲರೂ ಹೋದ ಮೇಲೆ ನೀಲವ್ವ ಮೇಜಿನ ಹತ್ತಿರ ಬಂದು ನಿಂತಳು. "ಒಂದ ವಾಕ್ಯ ಸರ," ಎಂದಳು.

"ಒಂದ ಇರ್ಲಿ, ಅರ್ಧ ಇರ್ಲಿ," ಎಂದರು ಬಸರಕೋಡ ಸರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಹುಡುಗಿ ಅಂತ ನಾ ಒಂದ್ ಸೆಕೆಂಡ್ ತಡಾ ಮಾಡಿ ಒತ್ತಬೇಕಾಗಿತ್ತೇನು? ಗಂಟಿ ಅಂದ್ರ ಗಂಟಿ, ತಂಗಿ. ಇನ್ನ ಮ್ಯಾಲೆ ಮರಿಬ್ಯಾಡ."

ಅವಳು ಮರೆಯಲಿಲ್ಲ. ಆಮೇಲೆ ಮೂರು ತಿಂಗಳು ಹಸೀನಾಳನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದಳು. ಯಾವ ಶಬ್ದದ ಮಧ್ಯದಲ್ಲಿ ಬೇಕಾದರೂ ಒತ್ತು ಎನ್ನುತ್ತಿದ್ದಳು. ಹಸೀನಾ ಒತ್ತುತ್ತಿದ್ದಳು, ಆ ಶಬ್ದ ಅರ್ಧಕ್ಕೆ ಕತ್ತರಿಸಿ ಬೀಳುತ್ತಿತ್ತು, ಮುಖದ ಒಂದು ಗೆರೆಯೂ ಅಲುಗದೆ ನೀಲವ್ವ ವಂದನೆ ಹೇಳುತ್ತಿದ್ದಳು. ಮೊದಮೊದಲು ಇಬ್ಬರೂ ನಗುತ್ತಿದ್ದರು. ಕೊನೆಗೆ ನಗುತ್ತಿದ್ದವಳು ಹಸೀನಾ ಒಬ್ಬಳೇ.

ಆ ಫೆಬ್ರವರಿಯಲ್ಲಿ ಸುದ್ದಿ ಬಂತು. ಬೆಳಗಿನ ಎಂಟರ ಬಸ್ಸಿಗೆ ಜನ ಸಾಲುತ್ತಿಲ್ಲ, ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಾರಂತೆ. ಅದು ಬಿಟ್ಟರೆ ಯರೇಹಾಳದಿಂದ ಹತ್ತೂವರೆಗೊಂದು ಬಸ್ಸು, ಅದು ಮುದೇನಕೊಪ್ಪ ಮುಟ್ಟುವ ಹೊತ್ತಿಗೆ ಅರ್ಧ ಕಾಲೇಜು ಮುಗಿದಿರುತ್ತದೆ. ಹುಡುಗರು ಟೆಂಪೋ ಹತ್ತುತ್ತಾರೆ, ಬೈಕಿನ ಹಿಂದೆ ಕೂರುತ್ತಾರೆ. ಆ ದಾರಿಯ ಮೂರು ಊರುಗಳಿಂದ ಬರುತ್ತಿದ್ದ ಹುಡುಗಿಯರು ಹನ್ನೊಂದು ಮಂದಿ.

ಸಾರಿಗೆ ಸಂಸ್ಥೆಯ ಸಾಹೇಬರು ಸಾರ್ವಜನಿಕರ ಅಹವಾಲು ಕೇಳಲು ಬರುವವರಿದ್ದರು. ತಾಲ್ಲೂಕು ಕಚೇರಿಯ ಸಭಾಂಗಣ ದುರಸ್ತಿಯಲ್ಲಿದ್ದುದರಿಂದ ಸಭೆ ಕಾಲೇಜಿನಲ್ಲೇ. ವಿದ್ಯಾರ್ಥಿಗಳ ಪರವಾಗಿ ಒಬ್ಬರಿಗೆ ಮಾತಾಡಲು ಅವಕಾಶ. ಯಾರು ಎಂದು ಯಾರೂ ಕೇಳಲಿಲ್ಲ.

ಸಭೆಯ ಹಿಂದಿನ ಮಧ್ಯಾಹ್ನ ಖಾಲಿ ತರಗತಿಯಲ್ಲಿ ಇಬ್ಬರೂ ಅಭ್ಯಾಸಕ್ಕೆ ಸೇರಿದ್ದರು. ನೀಲವ್ವ ಬರೆದುಕೊಂಡ ಹಾಳೆಯ ಅಂಚನ್ನು ಮಡಚುತ್ತ ನಿಂತಿದ್ದಳು.

"ಶುರು ಮಾಡ," ಎಂದಳು ಹಸೀನಾ.

"ಹಸೀ, ನಿನ್ನೆ ನಮ್ಮಪ್ಪ ಹೇಳಿದ. ಬಸ್ ನಿಂತ ದಿನ ಕಾಲೇಜು ನಿಂತಂಗ ಅಂತ. ಟೆಂಪೋದಾಗ ಕಳಸಂಗಿಲ್ಲಂತ. ಸಿಟ್ಟಿಲೆ ಹೇಳಲಿಲ್ಲ ಆಂವ. ಉಣಕೋತ ಹೇಳಿದ, ಉಪ್ಪು ಕೊಡು ಅಂದಂಗ. ನಮ್ಮ ಮನ್ಯಾಗ ಡಿಗ್ರಿ ಅಂತ ಹೊಸ್ತಲ ದಾಟಿದಾಕಿ ನಾನ ಮೊದಲು. ಇನ್ನ ಒಂದ ವರ್ಷ ಉಳದೈತಿ. ಆ ಬಸ್ಸಿನ್ಯಾಗ ಹನ್ನೊಂದ ಮಂದಿ ನಾವು, ನಿಮಗ ಜನ ಕಡಿಮಿ ಅನಸತೈತಿ, ನಮಗ ನಾವ ಎಲ್ಲಾ ಅದೀವಿ. ಒಂದ ವರ್ಷ ಓಡಸ್ರಿ ಸರ, ಆಮ್ಯಾಲೆ ಬೇಕಾದ್ರ ನಿಂದ್ರಸ್ರಿ."

ಹಸೀನಾ ಗಡಿಯಾರ ನೋಡುವುದನ್ನು ಮರೆತಿದ್ದಳು. ನನ್ನ ಅಂದಾಜಿನಲ್ಲಿ ಅರ್ಧ ನಿಮಿಷವೂ ಆಗಿರಲಿಲ್ಲ. ಆ ಅರ್ಧ ನಿಮಿಷದಲ್ಲಿ ನಾನು ಮತ್ತೆ ಡಾಕ್ಟರರ ಮೇಜಿನ ಮೇಲಿದ್ದೆ. ಅದೇ ಗಂಟಲು, ಅದೇ ಗಂಟು ಮೇಲೆ ಕೆಳಗೆ. ನನ್ನ ಆಯುಷ್ಯದಲ್ಲಿ ನಾನು ಕೇಳಿದ ಭಾಷಣ ಅದೊಂದೇ.

ಬಾಗಿಲಲ್ಲಿ ಬಸರಕೋಡ ಸರ್ ನಿಂತಿದ್ದರು. ಅವರ ಕನ್ನಡಕ ಒದ್ದೆಯಾಗಿತ್ತು. ಅದನ್ನು ತೆಗೆದು ಒರೆಸಿಕೊಂಡರು.

"ಛಲೋ ಐತಿ ತಂಗಿ. ಆದ್ರ ಇದು ಭಾಷಣ ಅಲ್ಲ. ಮನೀ ಮಾತು. ಅಷ್ಟ ದೊಡ್ಡ ಸಾಹೇಬ್ರ ಮುಂದ ಹೋದಕೂಡ್ಲೇ ನಮ್ಮಪ್ಪ ಹಿಂಗಂದ, ಉಪ್ಪು ಅಂದ ಅಂದ್ರ ಹೆಂಗ? ಮೊದಲು ಅವರನ್ನ ಒಲಿಸ್ಕೋಬೇಕು. ಇದನ್ನ ಕೊನಿಗೆ ಇಟಗೋ. ಕೊನಿಗೆ ಇಟ್ರ ಎದಿಗೆ ನಾಟತೈತಿ."

ಅವಳು ಹಾಳೆಯನ್ನು ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಅದನ್ನು ಬರೆದುಕೊಂಡಳು. ಮನೆಯ ಮಾತನ್ನು ಪುಸ್ತಕದ ಮಾತು ಮಾಡಿ ಬರೆದುಕೊಂಡಳು. ಉಪ್ಪನ್ನು ಬಿಟ್ಟಳು.

ಮರುದಿನ ಸಾಹೇಬರ ಮೇಜಿಗೆ ಹೂಜಿ, ಗ್ಲಾಸು, ಹಸಿರು ಬಟ್ಟೆ ಬಂದವು. ಬಸರಕೋಡ ಸರ್ ತಾವಾಗಿಯೇ ನನ್ನನ್ನು ತಂದು ಆ ಬಟ್ಟೆಯ ಮೇಲೆ ಇಟ್ಟರು. ಸಾಹೇಬರಿಗೆ ಸಿಪಾಯಿಯನ್ನು ಕರೆಯಲು ಏನಾದರೂ ಬೇಕಲ್ಲ ಎಂದು. ಅವರ ಒಳ್ಳೆಯತನವೇ ಹಾಗೆ, ಯಾವುದನ್ನೂ ಮರೆಯುತ್ತಿರಲಿಲ್ಲ.

ಸಾಹೇಬರು ಕೆಟ್ಟವರೇನೂ ಅಲ್ಲ. ದಣಿದಿದ್ದರು. ಬೆಳಗಿನಿಂದ ಅದು ಅವರ ಮೂರನೆಯ ಸಭೆ. "ಒಬ್ಬೊಬ್ಬರು ಐದೈದು ನಿಮಿಷ ಮಾತಾಡ್ರಿ, ಎಲ್ಲಾ ಬರ್ಕೋತೀವಿ," ಎಂದರು. ಅವರ ಪಕ್ಕದಲ್ಲಿ ಒಬ್ಬ ಗುಮಾಸ್ತ ನಡಾವಳಿ ಪುಸ್ತಕ ತೆರೆದು ಕುಳಿತಿದ್ದ. ವ್ಯಾಪಾರಿಗಳು ಮಾತಾಡಿದರು, ಹೊಸ ನಿಲ್ದಾಣ ಬೇಕೆಂದರು. ಆಮೇಲೆ ನೀಲವ್ವಳ ಹೆಸರು ಕರೆದರು.

ಎಷ್ಟು ಚೆನ್ನಾಗಿ ನಡೆದು ಬಂದಳು. ಕುರ್ಚಿಗಳು ಆ ದಿನ ಖಾಲಿ ಇರಲಿಲ್ಲ, ಆದರೂ ಒಂದು ಹೆಸರೂ ತಪ್ಪಲಿಲ್ಲ. ಎಲ್ಲರಿಗೂ ವಂದಿಸಿದಳು. ಕಣ್ಣನ್ನು ಕೊನೆಯ ಬೆಂಚಿನ ಒಂದು ಗೇಣು ಮೇಲೆ ನಿಲ್ಲಿಸಿದಳು. ಪೀಠಿಕೆ ಎತ್ತಿದಳು. ನಮ್ಮ ಭಾಗದ ಹಳ್ಳಿ ಹಳ್ಳಿಗೂ ಸಾರಿಗೆ ಸಂಸ್ಥೆ ಸಲ್ಲಿಸುತ್ತಿರುವ ಸೇವೆ ಅಮೋಘವಾದದ್ದು, ಚಾಲಕರು ಮತ್ತು ನಿರ್ವಾಹಕರು ಹಗಲಿರುಳೆನ್ನದೆ ದುಡಿಯುತ್ತಿದ್ದಾರೆ, ವಿದ್ಯಾರ್ಥಿಗಳಾದ ನಾವು ಎಂದಿಗೂ ಋಣಿಗಳು. ಗುಮಾಸ್ತ ಬರೆದುಕೊಳ್ಳುತ್ತಿದ್ದ.

ಎರಡು ನಿಮಿಷವಾಗಿತ್ತು. ಸಾಹೇಬರಿಗೆ ಬಾಯಾರಿತು. ಹೂಜಿ ಖಾಲಿಯಾಗಿತ್ತು. ಅವರ ಬೆರಳು ನನ್ನ ಕಡೆ ಬಂತು.

ನಾನು ಒಂದು ಗಂಟೆ. ನನ್ನ ಸ್ಪ್ರಿಂಗು ಆಗಿನ್ನೂ ಗಟ್ಟಿಯಾಗಿತ್ತು.

ಕೂಗಿದೆ. ನೀಲವ್ವಳ ರೆಪ್ಪೆ ಒಮ್ಮೆ ಬಡಿಯಿತು. ನಾಲ್ಕು ನಿಮಿಷ ಇಷ್ಟು ಬೇಗ ಆಯಿತೇ ಎಂದುಕೊಂಡಿರಬೇಕು. ಸಭಾಂಗಣದ ಗಡಿಯಾರ ಎಂದೋ ನಿಂತುಹೋಗಿತ್ತು. ಮೊದಲ ಗಂಟೆಗೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಗಾಬರಿಯಾಗಬಾರದು, ಪೀಠಿಕೆಯನ್ನು ಅಂದವಾಗಿ ಕಟ್ಟಿ, ಮಧ್ಯದ್ದನ್ನು ಬಿಟ್ಟು, ಮುಕ್ತಾಯಕ್ಕೆ ಬರಬೇಕು. ಹಾಗೆಯೇ ಮಾಡಿದಳು. "ಇಂತಹ ಸಂಸ್ಥೆಯ ಹಿರಿಯರು ನಮ್ಮ ನಡುವೆ ಬಂದಿರುವುದು ನಮ್ಮ ಭಾಗ್ಯ. ಈ ಸಂದರ್ಭದಲ್ಲಿ ತಮ್ಮ ಮುಂದೆ ಒಂದು ಮಾತನ್ನು..."

ಕಾಲೇಜಿನ ಸಿಪಾಯಿ ಗಂಗಪ್ಪ ಬಂದಿರಲಿಲ್ಲ. ಹೊರಗೆ ಚಹಾ ಸೋಸುತ್ತಿದ್ದ. ಸಾಹೇಬರು ಬಾಗಿಲ ಕಡೆ ನೋಡುತ್ತಲೇ ಮತ್ತೊಮ್ಮೆ ಒತ್ತಿದರು.

ಎರಡನೆಯ ಗಂಟೆ.

ಅವಳ ಗಂಟಲಿನಲ್ಲಿ ಆ ಮಾತು ಬಂದು ನಿಂತದ್ದನ್ನು ನಾನು ನೋಡಿದೆ. ಗಂಟು ಮೇಲೆ ಹೋಯಿತು, ಅಲ್ಲೇ ಒಂದು ಕ್ಷಣ ನಿಂತಿತು, ಕೆಳಗೆ ಇಳಿಯಿತು.

"ಅವಕಾಶ ಕೊಟ್ಟ ತಮ್ಮೆಲ್ಲರಿಗೂ ವಂದಿಸಿ ನನ್ನ ಮಾತಿಗೆ ವಿರಾಮ ಹೇಳುತ್ತೇನೆ."

ಚಪ್ಪಾಳೆ ಬಿತ್ತು. ಅವಳು ಹೋಗಿ ಕುಳಿತಳು. ಎರಡನೆಯ ಸಾಲಿನಲ್ಲಿ ಬಸರಕೋಡ ಸರ್ ತಲೆಯನ್ನು ಮೆಲ್ಲಗೆ ಆಡಿಸಿದರು. ಸ್ಪರ್ಧೆಯ ದಿನ ತಪ್ಪಿದ್ದು ಇಂದು ತಪ್ಪಲಿಲ್ಲವೆಂದು ಆ ತಲೆ ಹೇಳುತ್ತಿತ್ತು. ಆಮೇಲೆ ಅವರ ತಲೆ ಆಡುವುದು ನಿಂತಿತು. ಆ ಗಂಟೆ ಸಿಪಾಯಿಯನ್ನು ಕರೆಯಲು ಎಂದು ಅವರಿಗೆ ಹೊಳೆಯಿತು, ಆದರೆ ಅಷ್ಟರಲ್ಲಿ ಗಂಗಪ್ಪ ನೀರಿನ ತಂಬಿಗೆ ಹಿಡಿದು ಒಳಗೆ ಬರುತ್ತಿದ್ದ.

ಸಾಹೇಬರಿಗೆ ಆಶ್ಚರ್ಯವಾದಂತಿತ್ತು. "ಆತೇನಮ್ಮಾ? ಮತ್ತೇನಾದ್ರೂ ಹೇಳೋದೈತೇನು?"

ನೀಲವ್ವ ಗಂಗಪ್ಪನ ಕೈಯ ತಂಬಿಗೆಯನ್ನು ನೋಡಿದಳು. ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಎದ್ದು ಒಂದು ಸಾಲು ಹೇಳಬಹುದಿತ್ತು. ಆದರೆ ಕುಳಿತ ಮೇಲೆ ಏಳಬಾರದೆಂಬುದು ಕಾಲಿಗೆ ಗೊತ್ತಿತ್ತು, ಕಾಲು ಅವಳ ಮಾತು ಕೇಳಲಿಲ್ಲ.

"ಇಲ್ರೀ ಸರ," ಎಂದಳು.

"ಬಸ್ಸಿಂದ ಹೇಳಲೇ ಇಲ್ಲಲ್ಲ," ಎಂದು ಹಸೀನಾ ಅವಳ ತೋಳು ಜಗ್ಗಿದಳು. ತಾನೇ ಎದ್ದು ನಿಂತಳು. "ಸರ, ಯರೇಹಾಳದ ಎಂಟರ ಬಸ್ ಐತ್ರೀ..."

"ವಿದ್ಯಾರ್ಥಿಗಳದು ಒಬ್ಬರು ಆದ್ರಲ್ಲ," ಎಂದರು ಸಾಹೇಬರು, ನೀರು ಕುಡಿದು. "ಉಳಿದದ್ದು ಬರದು ಕೊಡ್ರಿ. ಮುಂದ ಯಾರು?"

ಬರೆದು ಕೊಟ್ಟರು. ಹನ್ನೊಂದು ಸಹಿ ಹಾಕಿ, ಬಸರಕೋಡ ಸರ್ ತಾವೇ ಡಿಪೋಗೆ ಹೋಗಿ ಕೊಟ್ಟು ಬಂದರು. ಅದರ ಉತ್ತರ ಇಂದಿಗೂ ಬಂದಿಲ್ಲ. ನಡಾವಳಿಯ ಪ್ರತಿ ಮಾತ್ರ ಬಂತು. ಕಾಲೇಜಿನ ಸೂಚನಾ ಫಲಕಕ್ಕೆ ಅದನ್ನು ಅಂಟಿಸಿದರು. ಏಳನೆಯ ಸಾಲಿನಲ್ಲಿ ಹೀಗಿತ್ತು: ವಿದ್ಯಾರ್ಥಿನಿಯೊಬ್ಬರು ಸಂಸ್ಥೆಯ ಸೇವೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು. ಯಾವ ಮಾರ್ಗದ ಬಗ್ಗೆಯೂ ವಿದ್ಯಾರ್ಥಿಗಳಿಂದ ಆಕ್ಷೇಪಣೆ ಬಂದಿರುವುದಿಲ್ಲ.

ಮಾರ್ಚಿನ ಒಂದನೆಯ ತಾರೀಕು ಬಸ್ಸು ಬರಲಿಲ್ಲ. ಹಸೀನಾ ಊರಿನಲ್ಲಿದ್ದ ಅಣ್ಣನ ಬೈಕಿನಲ್ಲಿ ಬರತೊಡಗಿದಳು. ಅವಳು ಮೇಜಿನ ಹತ್ತಿರ ಬಂದರೂ ನನ್ನನ್ನು ಮುಟ್ಟುತ್ತಿರಲಿಲ್ಲ. ಗಂಟೆ ಒತ್ತುವ ಕೆಲಸ ನನಗೆ ಬೇಡ ಎಂದಳಂತೆ, ಗಡಿಯಾರವನ್ನು ಬೇರೆಯವರಿಗೆ ಕೊಟ್ಟಳು. ಹಾಜರಿ ಕರೆಯುವಾಗ ಬಸರಕೋಡ ಸರ್ "ನೀಲವ್ವ ತಳವಾರ" ಎಂದು ಕೂಗಿ, ಉಳಿದವರಿಗಿಂತ ತುಸು ಹೆಚ್ಚು ಹೊತ್ತು ಕಾಯುತ್ತಿದ್ದರು. ಪರೀಕ್ಷೆಯ ಹೊತ್ತಿಗೆ ಆ ಹೆಸರನ್ನು ಕೆಂಪು ಗೆರೆ ಹೊಡೆದು ತೆಗೆದರು. ಭಾಷಣ ಕಲೆಯ ಪಾಠವನ್ನು ಮಾತ್ರ ಅವರು ಬದಲಿಸಲಿಲ್ಲ. ಮತ್ತೆ ಮೂರು ಖಾಲಿ ಕುರ್ಚಿ, ಮತ್ತೆ ಮೊದಲ ಗಂಟೆ, ಎರಡನೆಯ ಗಂಟೆ. ಬೇರೆ ಏನನ್ನು ಕಲಿಸಬೇಕೋ ಅವರಿಗೂ ಗೊತ್ತಿರಲಿಲ್ಲ. ಒಂದು ದಿನ, ಯಾರೂ ಇಲ್ಲದಾಗ, ಆ ಕುರ್ಚಿಗಳಲ್ಲೊಂದರ ಮೇಲೆ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಎದ್ದು, ಕುರ್ಚಿಯನ್ನು ಸಾಲಿಗೆ ಸರಿಯಾಗಿ ಸರಿಸಿಟ್ಟು ಹೋದರು.

ಅವರು ನಿವೃತ್ತರಾದ ಮೇಲೆ ನಾನು ಕಾಲೇಜಿನ ಕಚೇರಿಗೆ ಬಂದೆ. ಗುಮಾಸ್ತ ಜಾಲಿಹಾಳರ ಮೇಜಿನ ಮೇಲೆ. ಒಂದು ಮಳೆಗಾಲ ಕಿಟಕಿಯಿಂದ ನೀರು ಬಿದ್ದು ನನ್ನ ಸುತ್ತಿಗೆಗೆ ತುಕ್ಕು ಹಿಡಿಯಿತು. ಸ್ಪ್ರಿಂಗು ಸತ್ತಿತು. ಈಗ ಒತ್ತಿದರೆ ನನ್ನಿಂದ ಬರುವುದು 'ಟಕ್' ಎಂಬ ಸದ್ದು ಅಷ್ಟೇ. ಗಂಗಪ್ಪನಿಗೆ ಅದು ಕೇಳಿಸುವುದಿಲ್ಲ. ಜಾಲಿಹಾಳರು ಬಾಯಿಬಿಟ್ಟೇ ಅವನನ್ನು ಕರೆಯುತ್ತಾರೆ. ಆದರೂ ಯೋಚಿಸುವಾಗ, ಕಾಗದ ಹುಡುಕುವಾಗ, ಅವರ ಬೆರಳು ತಾನಾಗಿ ನನ್ನ ನೆತ್ತಿಯನ್ನು ಒತ್ತುತ್ತಿರುತ್ತದೆ. ಟಕ್. ಟಕ್. ಉಳಿದಂತೆ ನಾನು ಹಾಳೆಗಳು ಹಾರದಂತೆ ಕೂತಿರುವ ಒಂದು ಭಾರ.

ಕಳೆದ ವಾರ ಅವಳು ಬಂದಳು.

ಮೊದಲು ಕಂಡದ್ದು ಗದ್ದ, ಆಮೇಲೆ ಗಂಟಲು. ಆ ಗಂಟಲನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಕೊರಳಲ್ಲಿ ಬಟ್ಟೆ ಕಾರ್ಖಾನೆಯ ಗುರುತಿನ ಚೀಟಿ ನೇತಾಡುತ್ತಿತ್ತು.

"ನಮಸ್ಕಾರ್ರೀ ಸರ. ನನ್ನ ಪಿಯುಸಿ ಮಾರ್ಕ್ಸ್ ಕಾರ್ಡ್ ಇಲ್ಲೇ ಉಳದೈತ್ರಿ. ಕಂಪನ್ಯಾಗ ಕೇಳ್ಯಾರ."

"ಎಷ್ಟ ವರ್ಷಾತಮ್ಮಾ ಬಿಟ್ಟು?"

"ಮೂರಾತ್ರಿ."

"ಯರೇಹಾಳಲ್ಲಾ ನಿಂದು? ಹೆಂಗ ಹೋಗ್ತಿ ಅಷ್ಟು ದೂರ ಕೆಲಸಕ್ಕ?"

"ಕಂಪನಿ ವ್ಯಾನ್ ಬರತೈತ್ರಿ. ಮುಂಜಾನೆ ಏಳಕ್ಕ ಊರಾಗ ಬಂದು ನಿಂದರತೈತಿ. ನಮ್ಮಪ್ಪ ತಾನ ಹತ್ತಿಸಿ ಕಳಸ್ತಾನ." ಕೊರಳಿನ ಚೀಟಿಯನ್ನು ಬೆರಳಿನಲ್ಲಿ ಒಮ್ಮೆ ತಿರುಗಿಸಿದಳು. ಆಮೇಲೆ ಮೇಜಿನ ಅಂಚನ್ನು ಹಿಡಿದುಕೊಂಡಳು. "ಸರ, ಮತ್ತ... ಈಗ ಸೇರಕೊಂಡ್ರ ಆ ಉಳದ ವರ್ಷ..."

ಜಾಲಿಹಾಳರು ಅವಳ ಫೈಲು ಯಾವ ಕಪಾಟಿನಲ್ಲಿದೆ ಎಂದು ನೆನಪಿಸಿಕೊಳ್ಳುತ್ತಿದ್ದರು. ಕಣ್ಣು ಕಪಾಟಿನ ಮೇಲಿತ್ತು. ಬೆರಳು ನನ್ನ ಮೇಲೆ.

ಟಕ್.

ಅದು ಸದ್ದೂ ಅಲ್ಲ. ನೊಣ ಕೂತರೆ ಆಗುವಷ್ಟು. ಆದರೆ ನೀಲವ್ವಳ ಮಾತು ಅಲ್ಲೇ ಕತ್ತರಿಸಿ ಬಿತ್ತು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಕೈಗಳು ಮೇಜಿನ ಅಂಚನ್ನು ಬಿಟ್ಟವು.

ಜಾಲಿಹಾಳರು ಕಪಾಟಿನಿಂದ ಕಾರ್ಡನ್ನು ತೆಗೆದು, ಧೂಳು ಜಾಡಿಸಿ, ಸಹಿ ಮಾಡಿಸಿಕೊಂಡು ಕೊಟ್ಟರು. "ಏನೋ ಅಂತಿದ್ದೆಲ್ಲಮ್ಮಾ?"

"ಏನಿಲ್ರೀ ಸರ. ಬಹಳ ಉಪಕಾರ ಆತು."

ಅವಳು ಹೋದಳು. ಹೊರಗೆ ಬಸರಕೋಡ ಸರ್ ಕಲಿಸುತ್ತಿದ್ದ ತರಗತಿಯಿಂದ ಯಾರದೋ ಹೊಸ ದನಿ ಕೇಳುತ್ತಿತ್ತು, ಅಧ್ಯಕ್ಷರಿಗೆ ವಂದನೆ, ಉದ್ಘಾಟಕರಿಗೆ ವಂದನೆ. ಆ ತರಗತಿಗೆ ಈಗ ಬೇರೆ ಗಂಟೆ ತಂದಿದ್ದಾರೆ.

ನನ್ನ ಕೂಗು ಹೋಗಿ ಎರಡು ವರ್ಷವಾಯಿತು. ಹೋದಾಗ ನನಗೆ ಒಂದು ನೆಮ್ಮದಿ ಇತ್ತು, ಇನ್ನು ಯಾರ ಮಾತನ್ನೂ ನಾನು ನಿಲ್ಲಿಸಲಾರೆ ಎಂದು. ಆ 'ಮತ್ತ'ದ ಮುಂದೆ ಏನಿತ್ತೆಂದು ಈ ಕಚೇರಿಯಲ್ಲಿ ಗೊತ್ತಿರುವುದು ನನಗೊಬ್ಬನಿಗೆ. ಹೇಳೋಣವೆಂದರೆ ಯಾರೋ ನನ್ನನ್ನು ಒತ್ತಬೇಕು, ಒತ್ತಿದರೆ ನನ್ನಿಂದ ಬರುವುದು ಅದೊಂದೇ ಸದ್ದು.